ಕೊಟ್ಟಿಗೆಯ ಕೆಮಿಕಲ್ ವರ್ಕ್ಸ್

ಹೊಸ ಸಾಬೂನು ಕೈಗೆ ಬಂದರೆ ಅದರ ಒಂದು ಮೂಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವುದು ನನ್ನ ಹಳೆಯ ಚಾಳಿ. ಯಾರೂ ನೋಡದಿರುವಾಗ ಮಾಡುತ್ತಿದ್ದೆ. ಮೊನ್ನೆ ಮಾತ್ರ ಸಿಕ್ಕಿಬಿದ್ದೆ. ಸೊಸೆ ಪೇಟೆಯಿಂದ ತಂದಿಟ್ಟ ಗುಲಾಬಿ ಬಣ್ಣದ ಸಾಬೂನಿನ ಕಾಗದ ಬಿಚ್ಚಿ, ಬಚ್ಚಲಿನ ಬಾಗಿಲಲ್ಲೇ ನಿಂತು ನಾಲಿಗೆ ಚಾಚಿದ್ದೇ ತಡ, ಮೊಮ್ಮಗಳು ಮನೆಯಿಡೀ ಕೇಳುವಂತೆ ಕೂಗಿದಳು: "ಅಮ್ಮಾ, ಅಜ್ಜಿ ಸಾಬೂನು ತಿಂತಾ ಇದ್ರು!" ಸೊಸೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ತಿನ್ನಲಿಲ್ಲ ಮಾರಾಯ್ತಿ, ಖಾರ ಇತ್ತಾ ನೋಡ್ದೆ" ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ಸಾಬೂನಿಗೆ ಖಾರವೇ? ಇರುತ್ತದೆ. ನನ್ನನ್ನು ಕೇಳಿ. ಒಂದು ಕಾಲದಲ್ಲಿ ನಾನು ಒಂದು ಕಂಪನಿಯ ನಾಲಿಗೆಯಾಗಿದ್ದವಳು.

ಕಂಪನಿ ಎಂದರೆ ನೀವು ಚಿಮಣಿ, ಗೇಟು, ಗೂರ್ಖಾ ಎಂದೆಲ್ಲ ಯೋಚಿಸಬೇಡಿ. ಅಂಕೋಲೆಯ ನಮ್ಮ ಮನೆಯ ಹಿಂದಿನ ದನದ ಕೊಟ್ಟಿಗೆಯೇ ಕಂಪನಿ. ಬಾಗಿಲ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ ಹಲಗೆ: 'ಗಂಗಾವಳಿ ಕೆಮಿಕಲ್ ವರ್ಕ್ಸ್'. ದನಗಳನ್ನು ಹಲಸಿನ ಮರದ ಬುಡಕ್ಕೆ ದಾಟಿಸಿ, ನೆಲ ಗುಡಿಸಿ, ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆಯನ್ನು ಒಲೆಯ ಮೇಲೆ ಕೂರಿಸಿದ್ದೇ ಅದರ ಉದ್ಘಾಟನೆ.

ಮಾಲೀಕರು ನಮ್ಮ ಮನೆಯವರು. ಮುಂಬಯಿಯಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದರು. ಉಪ್ಪಿನ ಸತ್ಯಾಗ್ರಹದ ಬಿಸಿ ನಮ್ಮ ಕಡೆ ಇನ್ನೂ ಆರಿರದ ದಿನಗಳು. ಊರಿನ ಹುಡುಗರೆಲ್ಲ ಪರದೇಶಿ ಬಟ್ಟೆ ತಂದು ಬೆಂಕಿಗೆ ಹಾಕುವಾಗ ಇವರು ಮುಂಬಯಿಯಿಂದ ತಂದಿದ್ದ ವಿಲಾಯತಿ ಸಾಬೂನನ್ನೂ ಅದರೊಳಗೆ ಎಸೆದರಂತೆ. ಸಾಬೂನು ಉರಿಯಲಿಲ್ಲ. ಕರಗಿ, ಬಟ್ಟೆಗೆ ಮೆತ್ತಿ, ಬೆಂಕಿಯನ್ನೇ ಅರ್ಧ ಆರಿಸಿತಂತೆ. ಅದರ ಕಂಪು ಮಾತ್ರ ಬಹಳ ಹೊತ್ತು ಇತ್ತು ಎಂದು ಇವರೇ ಒಮ್ಮೆ ಆಸೆಯಿಂದ ಹೇಳಿದ್ದುಂಟು. ಮನೆಗೆ ಬಂದಾಗ ನನ್ನ ಅತ್ತೆ ಕೇಳಿದರಂತೆ, "ಇನ್ನು ಎಂತದ್ರಲ್ಲಿ ಮೀಯ್ತೆ?"

"ನಾನೇ ಮಾಡ್ತೆ ಆಯಿ."

ಅತ್ತೆಯನ್ನು ಮನೆಯಲ್ಲಿ ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಎತ್ತರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆ, ತೆಂಗಿನ ತೋಟ ಎರಡನ್ನೂ ಒಬ್ಬರೇ ನೋಡಿಕೊಂಡವರು. ಮೈಗೆ ಕಡಲೆಹಿಟ್ಟು, ತಲೆಗೆ ಶೀಗೆ, ಬಟ್ಟೆಗೆ ಅಂಟುವಾಳ ಇರುವಾಗ ನಾಲ್ಕನೆಯ ಸಾಮಾನು ಲೋಕಕ್ಕೆ ಏಕೆ ಬೇಕು ಎಂಬುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಕೊಟ್ಟಿಗೆ ಬಿಟ್ಟುಕೊಟ್ಟರು. ಮಗ ಮುಂಬಯಿಗೆ ವಾಪಸು ಹೋಗುವುದಕ್ಕಿಂತ ಕೊಟ್ಟಿಗೆಯಲ್ಲಿ ಇರುವುದು ಮೇಲು ಎಂದುಕೊಂಡಿರಬೇಕು.

ನಾನು ಕಾರವಾರದ ಹುಡುಗಿ. ಮದುವೆಯಾಗಿ ಬಂದ ವಾರದಲ್ಲೇ ಗಂಡನ ಜೊತೆ ಕೊಟ್ಟಿಗೆ ಸೇರಿದೆ. ಬೇರೆ ಹೊಸ ಹೆಂಡತಿಯರು ಗಂಡನ ಜೊತೆ ಎಲ್ಲಿಗೆ ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಹೋಗಿದ್ದು ಕಾಸ್ಟಿಕ್ ಸೋಡಾದ ಪೀಪಾಯಿಯ ಹತ್ತಿರಕ್ಕೆ. ಅದು ಮುಂಬಯಿಯಿಂದ ಹೊಗೆ ಉಗುಳುವ ಆಗಬೋಟಿನಲ್ಲಿ ಕಾರವಾರಕ್ಕೆ ಬಂದು, ಅಲ್ಲಿಂದ ಮಚವೆಯಲ್ಲಿ, ಅಂದರೆ ಹಾಯಿ ಕಟ್ಟಿದ ಸರಕಿನ ದೋಣಿಯಲ್ಲಿ, ಬೇಲೆಕೇರಿ ಬಂದರಿಗೆ ಇಳಿದು, ಕೊನೆಗೆ ಎತ್ತಿನ ಗಾಡಿ ಹತ್ತಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಆಯಿಯ ಬಾಯಲ್ಲಿ ಅದು 'ಕಷ್ಟದ ಸೋಡ'. ಇವರು ಎಷ್ಟು ತಿದ್ದಿದರೂ ಆಯಿ ಒಪ್ಪಲಿಲ್ಲ. "ನಾ ಸರಿಯಾಗೇ ಹೇಳ್ತೆ" ಎನ್ನುತ್ತಿದ್ದರು.

ಕೆಲಸ ಹೀಗೆ. ಸೋಡಾವನ್ನು ನೀರಿಗೆ ಹಾಕಿದರೆ ಒಲೆ ಇಲ್ಲದೆಯೇ ನೀರು ಕುದಿಯಲು ತೊಡಗುತ್ತದೆ. ಅದು ತಣಿದ ಮೇಲೆ ಗೆರೆ ಹಾಕಿದ ಒಂದು ಗಾಜಿನ ಕೊಳವೆಯನ್ನು ಅದರಲ್ಲಿ ತೇಲಿಬಿಟ್ಟು ಹದ ನೋಡುವುದು. ಕೊಪ್ಪರಿಗೆಯಲ್ಲಿ ಎಣ್ಣೆ ಬಿಸಿಯಾದಾಗ ಈ ನೀರನ್ನು ಸಣ್ಣಗೆ ಸುರಿಯುತ್ತ ತಿರುವುತ್ತಿರಬೇಕು. ತಿರುವುವವಳು ದೇವಿ. ಹತ್ತಿರದ ಕೊಪ್ಪದ, ಅಂದರೆ ಹಾಲಕ್ಕಿ ಒಕ್ಕಲಿಗರ ಕೇರಿಯ ಹೆಂಗಸು, ಕತ್ತಿನ ತುಂಬ ಮಣಿಸರ, ಬಾಯಿ ತುಂಬ ಹಾಡು. ಹಾಡು ಮುಗಿಯುವ ಹೊತ್ತಿಗೆ ಕೊಪ್ಪರಿಗೆಯೊಳಗಿನದು ದಪ್ಪ ಗಂಜಿಯಂತಾಗುತ್ತಿತ್ತು. ಆಗ ನನ್ನ ಸರದಿ. ಒಂದು ಚೂರನ್ನು ತಣಿಸಿ ನಾಲಿಗೆಗೆ ಮುಟ್ಟಿಸುವುದು. ಚುರ್ ಎಂದರೆ ಸೋಡಾ ಹೆಚ್ಚಾಗಿದೆ, ಇನ್ನಷ್ಟು ಎಣ್ಣೆ ಬೇಕು. ಚುರ್ ಎನ್ನದಿದ್ದರೆ ಹಲಸಿನ ಹಲಗೆಯ ತಟ್ಟೆಗಳಿಗೆ ಸುರಿದು, ಗಟ್ಟಿಯಾದ ಮೇಲೆ ತಂತಿಯಿಂದ ಕೊಯ್ಯುವುದು. ಇವರ ನಾಲಿಗೆ ಮುಂಬಯಿಯ ಚಹಾ ಕುಡಿದು ಜಡ್ಡುಗಟ್ಟಿತ್ತು. ಹಾಗಾಗಿ ಹುದ್ದೆ ನನಗೆ ಬಂತು.

ಇದರಿಂದ ಒಂದು ಗಲಾಟೆಯೂ ಆಯಿತು. ನಾನು ಹಿತ್ತಲಲ್ಲಿ ನಿಂತು ಸಾಬೂನು ನೆಕ್ಕುವುದನ್ನು ಆಯಿ ಒಂದು ದಿನ ನೋಡಿದರು.  ಮರುದಿನ ನನಗೆ ಮಾತ್ರ ಬೇರೆ ಪಾತ್ರೆಯಲ್ಲಿ ಸುವರ್ಣಗಡ್ಡೆ ಇಲ್ಲದ ಸಾರು, ಬೆಲ್ಲ ಹಾಕಿದ ಕಾಯಿಹಾಲು. ಮೂರು ಮನೆಯ ಹೆಂಗಸರು ಬಂದು ನನ್ನ ಮುಖ ನೋಡಿ ನಕ್ಕು ಹೋದರು. ಕೊನೆಗೆ ಆಯಿಯೇ ಹತ್ತಿರ ಕೂತು, "ಮಣ್ಣು, ಬೂದಿ ತಿಂದವ್ರನ್ನ ನೋಡಿದ್ದೆ. ಸಾಬೂನು ತಿಂಬವಳನ್ನ ನಿನ್ನೇ ನೋಡೂದು. ಎಷ್ಟು ತಿಂಗಳಾತೆ?" ಎಂದು ಕೇಳಿದರು. ಬಯಕೆಯಲ್ಲ, ನೌಕರಿ ಎಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಕಾಯಿಹಾಲು ಅಂದೇ ನಿಂತಿತು.

ಸಾಬೂನು ತಯಾರಾಯಿತು ಎಂದರೆ ಮಾರಾಟವಾಯಿತು ಎಂದಲ್ಲ. ಮೊದಲು ಹೊನ್ನೆ ಎಣ್ಣೆ ಸೇರಿಸಿದರು. ದೀಪಕ್ಕೆ ಉರಿಸುವ ಎಣ್ಣೆ. ಊರಿನಲ್ಲಿ ಧಾರಾಳ ಸಿಗುತ್ತಿತ್ತು. ಆದರೆ ಆ ಸಾಬೂನಿನಲ್ಲಿ ಒಗೆದ ಅಂಗಿ ತೊಟ್ಟವರು ಬಂದರೆ ಬಾಗಿಲು ತೆರೆಯುವ ಮೊದಲೇ ಗೊತ್ತಾಗುತ್ತಿತ್ತು. ಹೊನ್ನೆಯನ್ನು ಬಿಟ್ಟು ಬರೀ ಕೊಬ್ಬರಿ ಎಣ್ಣೆಗೆ ಬಂದೆವು. ಈಗ ವಾಸನೆ ಹೋಯಿತು, ನೊರೆ ಬೆಟ್ಟದಷ್ಟು ಬಂತು, ಜೊತೆಗೆ ಕೈ ಒಣಗಿ ಬಿರಿಯತೊಡಗಿತು. "ನಿಮ್ಮ ಸಾಬೂನು ಕೊಳೆ ತೆಗೆದು ಅಲ್ಲಿಗೇ ಸುಮ್ನಾಗೂದಿಲ್ಲ, ಚರ್ಮನೂ ತೆಗಿತದೆ" ಎಂದು ನೆರೆಮನೆಯವಳು ತಿರುಗಿ ತಂದುಕೊಟ್ಟಳು. ಇನ್ನು ಮುದ್ರೆಯ ಕತೆ. 'ಗಂಗಾವಳಿ' ಎಂದು ಒತ್ತಲು ಆಚಾರಿಯಿಂದ ಮರದ ಅಚ್ಚು ಕೆತ್ತಿಸಿದ್ದರು. ಅವನು ಅಕ್ಷರವನ್ನು ನೆಟ್ಟಗೆ ಕೆತ್ತಿದ. ಸಾಬೂನಿನ ಮೇಲೆ ತಿರುವುಮುರುವಾಗಿ ಮೂಡಿತು. ಕನ್ನಡಿ ಹಿಡಿದರೆ ಓದಬಹುದಿತ್ತು. ಇವರು ತಲೆಗೆ ಕೈಹೊತ್ತು ಕೂತರೆ ಅಕ್ಷರ ಕಲಿಯದ ಆಯಿ, "ನಂಗೆ ಹ್ಯಾಂಗೆ ಇದ್ರೂ ಒಂದೇ, ಚೆಂದ ಕಾಣ್ತದೆ" ಎಂದರು.

ಹೀಗೆ ನಕ್ಕುಕೊಂಡು ಇದ್ದೆವು, ಆ ಬೆಳಿಗ್ಗೆಯ ತನಕ.

ಕೊಪ್ಪರಿಗೆ ಕುದಿಯುತ್ತಿತ್ತು, ದೇವಿ ತಿರುವುತ್ತಿದ್ದಳು. ಕುದಿಯುವ ಸಾಬೂನು ಹಾಲಿನ ಹಾಗೆ, ಒಮ್ಮೆಲೇ ಉಕ್ಕುತ್ತದೆ. ಅದು ದೇವಿಯ ಕಡೆಗೇ ಉಕ್ಕಿತು. ಇವರು ಎಡಗೈಯಲ್ಲಿ ಅವಳನ್ನು ದೂಡಿ, ಬಲಗೈಯನ್ನು ಅಡ್ಡ ಹಿಡಿದರು. ಮೊಣಕೈವರೆಗೆ ಹರಿಯಿತು. ಕೂಗಿದ್ದು ಇವರಲ್ಲ, ದೇವಿ. ನಾನು ಕಂಬದಂತೆ ನಿಂತಿದ್ದೆ. ಆಯಿ ಎಲ್ಲಿದ್ದರೋ, ಬಚ್ಚಲಿನಿಂದ ತುಂಬಿದ ಕೊಡ ತಂದು ಕೈಮೇಲೆ ಸುರಿದರು. ಮತ್ತೊಂದು ಕೊಡ, ಮತ್ತೊಂದು. ಬಾವಿಯಿಂದ ನಾನು ಸೇದಿದೆ, ದೇವಿ ಹೊತ್ತಳು, ಆಯಿ ಸುರಿದರು. ನೀರು ಸುರಿದದ್ದರಿಂದಲೇ ಕೈ ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು.

ಅಂದು ಸಂಜೆ ಆಯಿ ತಾವೇ ಏಣಿ ಇಟ್ಟು ಕಂಪನಿಯ ಹೆಸರಿನ ಹಲಗೆ ಇಳಿಸಿದರು. ಅಳಲಿಲ್ಲ, ಬೈಯಲಿಲ್ಲ. ಮಗನ ಹಾಸಿಗೆಯ ಪಕ್ಕ ಕೂತು, "ಕಾರವಾರದಲ್ಲಿ ನಿನ್ನ ಸೋದರಮಾವ ಕಚೇರಿ ಕೆಲ್ಸ ಕೊಡಿಸ್ತೆ ಅಂದಿದ್ದ. ಹೋಗ್ತೆ ಅಂತ ನಂಗೆ ಮಾತು ಕೊಡು" ಎಂದರು. ಇವರು ಕಟ್ಟುಹಾಕಿದ ಕೈಯನ್ನು ನೋಡಿದರು.

"ಹೋಗ್ತೆ ಆಯಿ" ಎಂದರು.

ಅದಾದ ಮೇಲೆ ಇವರು ಮಾತನಾಡುವುದೇ ಕಡಿಮೆಯಾಯಿತು. ಕೊಟ್ಟಿಗೆಯ ಕಡೆ ಮುಖ ಹಾಕಲಿಲ್ಲ. ಗಾಯ ಮಾಗಿತು, ಹೊಸ ಚರ್ಮ ಬಂತು, ಮಾತು ಬರಲಿಲ್ಲ. ಸೀದಾ ಹೇಳುತ್ತೇನೆ, ಆ ಮೌನದ ಮುಂದೆ ಸೋಡಾದ ಚುರುಕು ಏನೂ ಅಲ್ಲ.

ಕಚೇರಿಗೆ ಸೇರುವ ದಿನ ಹತ್ತಿರ ಬಂದಾಗ ಬೇಲೆಕೇರಿಯಿಂದ ಮಚವೆ ಹತ್ತಿದೆವು. ತವರು ಮನೆ ನೋಡುವ ನೆಪದಲ್ಲಿ ನಾನೂ ಹೊರಟಿದ್ದೆ. ಉಳಿದ ಸಾಬೂನುಗಳನ್ನು ಎರಡು ಪೆಟ್ಟಿಗೆಗೆ ತುಂಬಿ ತಂದಿದ್ದೆವು. ತವರಿನವರಿಗೆ, ಬೇಕಾದವರಿಗೆ ಹಂಚಿಬಿಡುವುದೆಂದು. ಇವರು ಅಣಿಯದ ಬಳಿ, ಅಂದರೆ ದೋಣಿಯ ಮುಂತುದಿಯಲ್ಲಿ, ಪೆಟ್ಟಿಗೆಗೆ ಬೆನ್ನು ಹಾಕಿ ಕೂತರು. ಬೆಳಗಿನ ಗಾಳಿ ಚೆನ್ನಾಗಿತ್ತು. ಹಾರವಾಡ ದಾಟಿತು. ಅಮದಳ್ಳಿಯ ದಂಡೆ ಕಾಣತೊಡಗಿತು. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ದೋಣಿ ಓಲಾಡಿದ್ದೇ ಆ ಮಗು ತಾಯಿಯನ್ನು ಬಿಟ್ಟು ನನ್ನ ಮಡಿಲಿಗೇ ಬಾಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಒಪ್ಪಿಸಿತು. ಉಟ್ಟಿದ್ದು ಮದುವೆಯ ಸೀರೆ.

ಕುಡಿಯುವ ನೀರು ಮುಟ್ಟುವ ಹಾಗಿಲ್ಲ. ದೋಣಿಯ ಯಜಮಾನ ರಾಮಾ ತಾಂಡೇಲ ಬಕೇಟಿಗೆ ಹಗ್ಗ ಕಟ್ಟಿ ಸಮುದ್ರದ ನೀರು ಸೇದಿಕೊಟ್ಟ. ನಾನು ಪೆಟ್ಟಿಗೆಯಿಂದ ಒಂದು ಸಾಬೂನು ತೆಗೆದೆ. ತಾಂಡೇಲ ನಕ್ಕ.

"ಬಾಯೇ, ಅದು ದರಿಯಾದ ನೀರು. ಯಾವ ಸಾಬೂನೂ ನೊರೆ ಬರೂದಿಲ್ಲ. ಹಾಲು ಒಡೆದ ಹಾಂಗೆ ಆಗ್ತದೆ. ನಾವು ಎಷ್ಟು ನೋಡಿಲ್ಲ?"

ಗೊತ್ತಿದ್ದು ಉಜ್ಜಿದೆನೇ? ಇಲ್ಲ. ವಾಸನೆ ತಡೆಯಲಾರದೆ ಉಜ್ಜಿದೆ. ನೊರೆ ಬಂತು. ಬಕೇಟಿನ ಅಂಚು ದಾಟಿ ಬಂತು. ಗಾಳಿಗೆ ಹಾರಿ ಆ ಮಗುವಿನ ಮೂಗಿನ ಮೇಲೆ ಕೂತಿತು. ಅಳುತ್ತಿದ್ದ ಮಗು ಸುಮ್ಮನಾಗಿ ಕಣ್ಣು ಮೆಳ್ಳೆ ಮಾಡಿ ಅದನ್ನೇ ನೋಡಿತು.

"ಅರೇ ಬಾಪ್ರೇ!" ಎಂದ ತಾಂಡೇಲ ಚುಕ್ಕಾಣಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ಡಾಂಬರು ಹಿಡಿದ ತನ್ನ ಅಂಗಿಯನ್ನೇ ಕಳಚಿ ಬಕೇಟಿಗೆ ಹಾಕಿ ಉಜ್ಜತೊಡಗಿದ. ಅವನ ತೋಳಿನಲ್ಲಿ, ಕಂಕುಳಲ್ಲಿ ಉಪ್ಪು ಹತ್ತಿ ಆದ ಹುಣ್ಣುಗಳಿದ್ದವು. ಅಲ್ಲಿಗೂ ನೊರೆ ಮೆತ್ತಿಕೊಂಡ. ಉಳಿದ ಖಲಾಸಿಗಳು ಸುತ್ತ ನೆರೆದರು.

ಆಗ ಇವರು ತಿರುಗಿ ನೋಡಿದರು. ಎದ್ದು ಬಂದು ಬಕೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ನೊರೆಯನ್ನು ಬೆರಳಲ್ಲಿ ಎತ್ತಿ, ನೀರನ್ನು ರುಚಿ ನೋಡಿ, ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗತೊಡಗಿದರು. "ಕೊಬ್ಬರಿ ಎಣ್ಣೆ! ಉಪ್ಪುನೀರಿಗೆ ನೊರೆ ಬರೂದು ಕೊಬ್ಬರಿ ಎಣ್ಣೆ ಸಾಬೂನು ಒಂದೇ! ಪರೀಕ್ಷೆಗೆ ಬಂದಿತ್ತು ಮಾರಾಯ್ತಿ, ಬರೆದಿದ್ದೆ, ಚಲೋ ಬರೆದಿದ್ದೆ!" ಉತ್ತರವನ್ನು ಹಾಳೆಯ ಮೇಲೆ ಬರೆದು ಅಲ್ಲೇ ಬಿಟ್ಟು ಬಂದಿದ್ದರು ಪುಣ್ಯಾತ್ಮ. ಎಷ್ಟೋ ವಾರಗಳ ಮೇಲೆ ಇವರು ನಕ್ಕಿದ್ದನ್ನು ಕಂಡು ನನಗೆ ಸೀರೆ ಮರೆತುಹೋಯಿತು. ಆ ಮಗುವನ್ನು ಎತ್ತಿ ಮುದ್ದಿಸಿದೆ.

ಚೆಂಡಿಯಾ ದಾಟಿ ಬೈತಖೋಲ ಬಂದರಿಗೆ ಬರುವಷ್ಟರಲ್ಲಿ ಒಂದು ಪೆಟ್ಟಿಗೆ ಖಾಲಿ. ಬಂದರಿನಲ್ಲಿ ತಾಂಡೇಲ ಬೇರೆ ದೋಣಿಯವರನ್ನು ಕೂಗಿ ಕರೆದ; ಇನ್ನೊಂದೂ ಖಾಲಿಯಾಯಿತು. ಇನ್ನು ಕಚೇರಿಯ ಮಾತು ಮುಗಿದ ಹಾಗೆಯೇ ಎಂದು ನಾನು ಒಳಗೊಳಗೆ ಹಿಗ್ಗಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಇವರು ಸೋದರಮಾವ ಕೊಟ್ಟ ಕರಿ ಕೋಟು ಹಾಕಿಕೊಂಡು ನಿಂತಿದ್ದಾರೆ.

"ಹೋಗೂದಾ?" ಎಂದೆ.

"ಆಯಿಗೆ ಮಾತು ಕೊಟ್ಟಿದ್ದೆ" ಎಂದರು. ಕೋಟಿನ ತೋಳು ಸುಟ್ಟ ಕೈಗೆ ತಾಗಿ ನೋಯುತ್ತಿತ್ತು. ನಿಧಾನಕ್ಕೆ ಮಡಚಿಕೊಂಡು ಹೊರಟರು.

ನಾನು ಒಬ್ಬಳೇ ಅಂಕೋಲೆಗೆ ಬಂದೆ. ಆಯಿಗೆ ನಡೆದದ್ದನ್ನೆಲ್ಲ ಹೇಳಿದೆ. "ಆತು, ಪೆಟ್ಟಿಗೆ ಖಾಲಿಯಾತಲ್ಲ" ಎಂದಷ್ಟೇ ಹೇಳಿ ಭತ್ತ ಒಣಗಿಸಲು ಹೋದರು.

ಸುಗ್ಗಿ ಮುಗಿದ ವಾರ ಇರಬೇಕು, ರಾಮಾ ತಾಂಡೇಲ ಇಬ್ಬರನ್ನು ಕರೆದುಕೊಂಡು ನಮ್ಮ ಮನೆ ಹುಡುಕುತ್ತ ಬಂದ. ಕೈಯಲ್ಲಿ ಬಾಳೆ ಹಗ್ಗಕ್ಕೆ ತೂಗುಹಾಕಿದ ದೊಡ್ಡದೊಂದು ಇಸೋಣ ಮೀನು. ಅದನ್ನು ಆಯಿಯ ಮುಂದಿಟ್ಟು, ಸಾಬೂನು ಬೇಕು ಎಂದ.

"ಕಾರ್ಖಾನೆ ಮುಚ್ಚಿತು" ಎಂದರು ಆಯಿ.

"ಮುಚ್ಚಿತು ಅಂದ್ರೆ ಹ್ಯಾಂಗೆ ಆಯಿ? ನಮ್ಮ ಹುಡುಗ್ರು ತಿಂಗಳುಗಟ್ಟಲೆ ದರಿಯಾದಲ್ಲೇ ಇರ್ತ್ರು. ಮೀಯೂಕೆ ಸಿಹಿನೀರು ಎಲ್ಲಿಂದ ತರೂದು? ಉಪ್ಪು ಮೈಗೆ ಹತ್ತಿ ಹುಣ್ಣಾಗ್ತದೆ. ಈಗ ನೋಡು." ಅವನು ತೋಳು ಎತ್ತಿ ತೋರಿಸಿದ. ಹುಣ್ಣು ಒಣಗಿ ಬೆಳ್ಳಗಿನ ಕಲೆ ಮಾತ್ರ ಉಳಿದಿತ್ತು.

ಆಯಿ ಆ ತೋಳನ್ನು ಹಿಡಿದು ನೋಡಿದರು. "ನನ್ನ ಮಗನ ಕೈ ಸುಟ್ಟದ್ದೂ ಇದೇ ಸಾಬೂನು" ಎಂದರು.

"ಗೊತ್ತಿತ್ತು ಆಯಿ. ದೋಣಿಯಲ್ಲಿ ನೋಡಿದ್ದೆ. ನಮ್ಮಪ್ಪನ ನುಂಗಿದ್ದೂ ಇದೇ ದರಿಯಾ. ಹೋಗೂದು ಬಿಟ್ಟೆವಾ?"

 ಆಯಿ ಅವರಿಗೆ ಊಟ ಹಾಕಿ, ಎಲೆಅಡಿಕೆ ಕೊಟ್ಟು, ಎಂಟು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಮೀನು ಕೊಯ್ಯುತ್ತ ಕೂತವರು ತಲೆಯೆತ್ತದೆ ನನ್ನನ್ನು ಕೇಳಿದರು, "ನಿಂಗೆ ಮಾಡೂಕೆ ಬತ್ತದೇನೆ?"

"ಬತ್ತದೆ ಅತ್ತೆ" ಎಂದೆ. ಹೆದರಿಕೆಯಲ್ಲಿ ಆಯಿ ಎನ್ನುವುದೂ ಮರೆತಿತ್ತು.

ಮರುದಿನ ದೇವಿ ಬಂದಳು. ಆಯಿ ನಮ್ಮಿಬ್ಬರ ಕೈಗೂ ತಮ್ಮ ಕೈಗೂ ಹೆಗಲಿನ ತನಕ ಹಳೆಯ ಕಂಬಳಿ ಸುತ್ತಿ ಕಟ್ಟಿದರು. ಒಲೆಯ ಸುತ್ತ ತುಂಬಿದ ಕೊಡಗಳನ್ನು ಸಾಲಾಗಿ ಇಡಿಸಿದರು. ಕೊಪ್ಪರಿಗೆ ಅರ್ಧಕ್ಕಿಂತ ಮೇಲೆ ತುಂಬಬಾರದು ಎಂದು ಅಪ್ಪಣೆ ಮಾಡಿದರು. ಹಾಲು ಕಾಯಿಸುವವರು ಯಾರಾದರೂ ಕಂಠಮಟ್ಟ ತುಂಬಿಸುತ್ತಾರೆಯೇ ಎಂದು ಅಲ್ಲಿಲ್ಲದ ಮಗನನ್ನು ಬೈದರು. ನಾನು ಗಾಜಿನ ಕೊಳವೆ ತೇಲಿಬಿಟ್ಟೆ. ದೇವಿ ಮೊದಲು ಹಾಡಲಿಲ್ಲ. "ಹಾಡೇ, ಇಲ್ದಿದ್ರೆ ಹದ ಹ್ಯಾಂಗೆ ಗೊತ್ತಾಗೂದು?" ಎಂದು ಆಯಿ ಗದರಿಸಿದ ಮೇಲೆ ಸಣ್ಣ ದನಿಯಲ್ಲಿ ಶುರುಮಾಡಿದಳು. ನಾನು ಚೂರನ್ನು ನಾಲಿಗೆಗೆ ಇಟ್ಟುಕೊಂಡಾಗ ಆಯಿಯೂ ಒಂದು ಚೂರು ತೆಗೆದು ತಮ್ಮ ನಾಲಿಗೆಗೆ ಇಟ್ಟುಕೊಂಡು, "ಥೂ!" ಎಂದರು. ಸಾಬೂನು ಮಾತ್ರ ಸರಿಯಾಗಿತ್ತು.

ಶನಿವಾರ ಇವರು ಕಾರವಾರದಿಂದ ಬಂದರು. ಗದ್ದೆಯ ಆಚೆಯಿಂದಲೇ ಕೊಟ್ಟಿಗೆಯ ಹೊಗೆ ಕಂಡು, ಬೆಂಕಿ ಬಿದ್ದಿದೆ ಎಂದು ಓಡಿಬಂದು ನೋಡಿದರೆ, ಸೊಂಟಕ್ಕೆ ಸೆರಗು ಸಿಕ್ಕಿಸಿ ಕಂಬಳಿಯ ಕೈ ಬೀಸುತ್ತ ನಿಂತ ತಾಯಿ.

"ಆಯಿ! ಎಂತ ಮಾಡ್ತಾ ಇದ್ದೆ?"

"ಕಾಣೂದಿಲ್ವಾ? ಸಾಬೂನು. ಅಲ್ಲೇ ನಿಲ್ಲು. ಕೈ ಸುಟ್ಕೊಂಬವ್ರಿಗೆ ಒಳಗೆ ಕೆಲ್ಸ ಇಲ್ಲ."

ಇವರು ಕೋಟು ಹಾಕಿಕೊಂಡೇ ಹೊಸ್ತಿಲ ಮೇಲೆ ಕೂತರು. ಸೋಡಾ ಎಷ್ಟು ಹಾಕಿದಿರಿ, ಉರಿ ಕಡಿಮೆ ಮಾಡಿ ಎಂದು ಅಲ್ಲಿಂದಲೇ ಕೂಗುವುದು, ಆಯಿ ಕೇಳದವರಂತೆ ಇರುವುದು. ಮುಂದಿನ ಶನಿವಾರಗಳೂ ಹೀಗೇ. ಒಮ್ಮೆ ತಂತಿ ಹಿಡಿದು ಕೊಯ್ಯಲು ಬಿಟ್ಟರು. ಅಚ್ಚು ಒತ್ತಲು ಬಿಟ್ಟರು. ಒಂದು ಸೋಮವಾರ ಬೆಳಿಗ್ಗೆ ಇವರು ಕೋಟು ಹಾಕಿಕೊಳ್ಳದೆ ಸಾಬೂನು ಕೊಯ್ಯುತ್ತಲೇ ಕೂತಿದ್ದರು. ಬಂದರಿಗೆ ಒಯ್ಯುವ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಆಯಿ ಹೊರಗೆ ಹೋಗಿ ಗಾಡಿಯವನಿಗೆ ಏನೋ ಹೇಳಿದರು. ಅವನು ಎತ್ತು ತಿರುಗಿಸಿಕೊಂಡು ಹೋದ.

ಯುದ್ಧ ಬರುವ ತನಕ ಕಂಪನಿ ನಡೆಯಿತು. ಮಲಬಾರದಿಂದ ಕಛ್‌ವರೆಗೆ ಹೋಗುವ ದೋಣಿಗಳಲ್ಲಿ ನಮ್ಮ ತಿರುವುಮುರುವು ಅಕ್ಷರದ ಸಾಬೂನು ಇರುತ್ತಿತ್ತು. ಖಲಾಸಿಗಳು ಗುರುತು ಹಿಡಿಯುವುದೇ ಹಾಗೆ ಎಂದು ತಾಂಡೇಲ ಹೇಳಿದ ಮೇಲೆ ಅಚ್ಚನ್ನು ನಾವು ಬದಲಿಸಲಿಲ್ಲ. ಯುದ್ಧದಲ್ಲಿ ಸೋಡಾದ ಪೀಪಾಯಿ ಬರುವುದು ನಿಂತಿತು, ಕಂಪನಿಯೂ ನಿಂತಿತು. ಇವರು ಆಮೇಲೆ ಹೈಸ್ಕೂಲಿನಲ್ಲಿ ಮಾಸ್ತರರಾಗಿ, ಉಪ್ಪುನೀರಿನ ಸಾಬೂನಿನ ಪಾಠವನ್ನು ಮಾತ್ರ ಪ್ರತಿ ವರ್ಷ ಬೇಕಾದ್ದಕ್ಕಿಂತ ಹೆಚ್ಚು ದಿನ ಕಲಿಸಿದರು. ಅದು ಇರಲಿ. ನನಗೆ ಹೇಳಬೇಕೆನಿಸಿದ್ದು ಸೋದರಮಾವ ಬಂದ ದಿನದ್ದು.

ಆ ಸೋಮವಾರ ಕಳೆದು ಸ್ವಲ್ಪ ದಿನಕ್ಕೆ ಅವರು ಕಾರವಾರದಿಂದ ಬಂದಿಳಿದರು. ರುಮಾಲು ತೆಗೆಯದೆ ಜಗಲಿಯ ಮೇಲೆ ನೆಟ್ಟಗೆ ಕೂತರು. ಇವರು ಕೊಟ್ಟಿಗೆಯ ಬಾಗಿಲಲ್ಲಿ, ನಾನು ಅಡಿಗೆಮನೆಯ ಬಾಗಿಲಲ್ಲಿ. ನಡುವೆ ಆಯಿ.

"ತಂಗೀ, ನಾನು ಸಾಹೇಬರ ಕಾಲು ಹಿಡಿದು ಕೊಡಿಸಿದ ಕೆಲ್ಸ ಅದು. ಹೇಳದೆ ಕೇಳದೆ ಬಿಟ್ಟು ಬಂದ. ನಾನು ಯಾವ ಮುಖ ಇಟ್ಕೊಂಡು ಕಚೇರಿಗೆ ಹೋಗೂದು? ನೀನೇ ಅಲ್ದಾ ಅವನ ಹತ್ರ ಮಾತು ತಕಂಡದ್ದು?"

"ಹೌದು ಅಣ್ಣಾ. ತಕಂಡವಳೂ ನಾನೇ, ತಿರುಗಿ ಕೊಟ್ಟವಳೂ ನಾನೇ."

"ಮತ್ತೆ ಈ ದನದ ಕೊಟ್ಟಿಗೆಯಲ್ಲಿ ಕೂತು ಎಂತ ಮಾಡ್ತ ಇಂವ?"

ಆಯಿ ಕೈಗೆ ಸುತ್ತಿದ್ದ ಕಂಬಳಿಯನ್ನು ನಿಧಾನಕ್ಕೆ ಬಿಚ್ಚಿದರು.

"ನಿನ್ನ ಕಚೇರಿಗೆ ಬರಿಯೂಕೆ ಬೇಕಾದಷ್ಟು ಹುಡುಗ್ರು ಸಿಗ್ತ್ರು ಅಣ್ಣಾ. ನನ್ನ ಕಾರ್ಖಾನೆಗೆ ರಸಾಯನ ಓದಿದವ ಬೇಕಿತ್ತು. ಅದಕ್ಕೆ ಇವನನ್ನ ಇಟ್ಕಂಡೆ."

ಮಾವ ತಂಗಿಯ ಮುಖವನ್ನೇ ನೋಡಿದರು. ಆಮೇಲೆ ರುಮಾಲು ತೆಗೆದು ಪಕ್ಕದಲ್ಲಿಟ್ಟು, ಕುಡಿಯಲು ನೀರು ಕೇಳಿದರು.

ನಾನು ನೀರು ತರಲು ತಿರುಗಿದಾಗ ಕೊಟ್ಟಿಗೆಯ ಬಾಗಿಲಲ್ಲಿ ಇವರಿರಲಿಲ್ಲ. ಹಿತ್ತಲಲ್ಲಿ, ಬಾವಿಕಟ್ಟೆಯ ಬಳಿ ಬಗ್ಗಿ ಮುಖ ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು. ಅಷ್ಟು ಹೊತ್ತು ಏನು ತೊಳೆಯುವುದಿತ್ತು ಎಂದು ಆಯಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ.